ಹಂಪಿಯ ಕಥೆಯಲ್ಲಿ ಯಾರ ಮಾತು?

ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. 2017ರಿಂದ ಅದು ನಮ್ಮೆಲ್ಲರ ಜೇಬಿನಲ್ಲಿ ಓಡಾಡುತ್ತಿದೆ. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿ, ಆ ರಥದ ಮುಂದೆ ನಿಂತ ಹುಡುಗಿಯೊಬ್ಬಳು ಮೊಬೈಲಿನ ಚಾಟ್‌ಬಾಟನ್ನು "ಈ ರಥ ಎಳೀತಿರೋದು ಆನೆನಾ?" ಎಂದು ಕೇಳಿದಳು ಅಂದುಕೊಳ್ಳಿ. "ಹೌದು, ಎರಡು ಆನೆಗಳು" ಎಂಬ ಉತ್ತರ ಬಂದರೆ ಕಣ್ಣಿಗೆ ಕಾಣುವ ಮಟ್ಟಿಗೆ ಅದು ಸರಿಯೇ. ಆದರೆ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲದ ಗುರುತು ಇಂದಿಗೂ ಕಾಣುತ್ತವೆ. ಮೊದಲು ಅಲ್ಲಿದ್ದದ್ದು ಕುದುರೆಗಳು. ಆನೆಗಳನ್ನು ಆಮೇಲೆ ತಂದು ನಿಲ್ಲಿಸಿದ್ದಾರೆ. ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದು ಇನ್ನೂ ನಿಂತಿದೆ. ಹಾಗೆ ನೋಡಿದರೆ ಅದು ರಥವೂ ಅಲ್ಲ, ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ.

ಆ ಹುಡುಗಿಗೆ ಇದಿಷ್ಟನ್ನೂ ಒಂದೇ ಉಸಿರಿಗೆ ಹೇಳಬೇಕಿಲ್ಲ. "ಈಗ ಕಾಣೋದು ಆನೆ. ಆದ್ರೆ ಅವುಗಳ ಹಿಂದೆ ಸ್ವಲ್ಪ ಬಗ್ಗಿ ನೋಡು, ಬೇರೆ ಯಾವ ಪ್ರಾಣಿಯ ಕಾಲು ಕಾಣ್ತದೆ ಹೇಳು" ಎಂದರೆ ಸಾಕು. ಅವಳು ಮೊಬೈಲಿನಿಂದ ಕಣ್ಣು ತೆಗೆದು ಕಲ್ಲನ್ನು ನೋಡುತ್ತಾಳೆ. ಊರಿನ ಪರಂಪರೆಯನ್ನು ತಿಳಿಸುವ ಚಾಟ್‌ಬಾಟಿನಿಂದ ನಾನು ಮೊದಲು ಬಯಸುವುದು ಇದನ್ನೇ. ಎರಡನೆಯದು ಇನ್ನೂ ಮುಖ್ಯ: ತಾನು ಹೇಳುತ್ತಿರುವುದನ್ನು ಯಾರು ಹೇಳಿದ್ದು ಎಂಬುದನ್ನು ಅದು ಮುಚ್ಚಿಡಬಾರದು.

ಮಾತಾಡುವ ಯಂತ್ರ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಜೋಸೆಫ್ ವೈಜನ್‌ಬಾಮ್ 1966ರಲ್ಲೇ ಎಲಿಜಾ ಎಂಬ ಪ್ರೋಗ್ರಾಮ್ ಪ್ರಕಟಿಸಿದ್ದರು. ನಮ್ಮ ಮಾತನ್ನೇ ತಿರುಗಿಸಿ ನಮಗೇ ಪ್ರಶ್ನೆ ಹಾಕುವುದಷ್ಟೇ ಅದರ ಕೆಲಸ. ಆದರೂ ಜನ ಅದರೆದುರು ಮನಸ್ಸು ಬಿಚ್ಚಿ ಮಾತಾಡಿದರು. ಅದನ್ನು ಕಂಡು ವೈಜನ್‌ಬಾಮ್ ಕಳವಳಪಟ್ಟರು. ಆಮೇಲೆ ಒಂದು ಒತ್ತಿ, ಎರಡು ಒತ್ತಿ ಎನ್ನುವ ಬ್ಯಾಂಕಿನ ಬಾಟ್‌ಗಳು ಬಂದವು. ಈಗಿನವು ಬೃಹತ್ ಭಾಷಾ ಮಾದರಿಗಳ ಮೇಲೆ ನಿಂತವು. ಅಪಾರ ಪಠ್ಯವನ್ನು ಓದಿಕೊಂಡು, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ಹಾಗಾಗಿ ಗೊತ್ತಿಲ್ಲದ್ದನ್ನೂ ಗೊತ್ತಿದ್ದಷ್ಟೇ ನಯವಾಗಿ ಹೇಳಿಬಿಡುತ್ತವೆ. ರೈಲಿನ ವೇಳೆ ತಪ್ಪು ಹೇಳಿದರೆ ನಿಲ್ದಾಣಕ್ಕೆ ಹೋದ ಕೂಡಲೇ ಗೊತ್ತಾಗುತ್ತದೆ. ಗುಡಿ ಕಟ್ಟಿಸಿದ ಅರಸನ ಹೆಸರು ತಪ್ಪಾದರೆ ಆ ತಪ್ಪು ಶಾಲೆಯ ಪ್ರಬಂಧಕ್ಕೆ ಹೋಗುತ್ತದೆ, ಅಲ್ಲಿಂದ ಇಂಟರ್‌ನೆಟ್ಟಿಗೆ ಹೋಗುತ್ತದೆ, ಕೊನೆಗೆ ಮುಂದಿನ ಯಂತ್ರದ ಓದಿಗೂ ಸೇರುತ್ತದೆ.

ಕೃಷ್ಣ ದೇವಸ್ಥಾನದ ಬಳಿಯ ನರಸಿಂಹನನ್ನು ನೋಡಿ. 6.7 ಮೀಟರ್ ಎತ್ತರದ ಒಂದೇ ಕಲ್ಲಿನ ಮೂರ್ತಿ, ಉಬ್ಬಿದ ಕಣ್ಣು, ಅಗಲವಾದ ಬಾಯಿ. ಜನ ಉಗ್ರನರಸಿಂಹ ಎನ್ನುತ್ತಾರೆ. ಪೋಸ್ಟ್‌ಕಾರ್ಡಿನ ಮೇಲೂ ಅದೇ ಹೆಸರು. ಆದರೆ ಆ ಮೂರ್ತಿಯ ತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು. ಮೂರ್ತಿ ಭಗ್ನವಾದಾಗ ಅವಳು ಹೋದಳು, ಅವನ ಬೆನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಅಂದರೆ ಅವನು ಲಕ್ಷ್ಮೀನರಸಿಂಹ, ಶಾಂತನಾಗಿ ಕೂತವನು. ಮೊಣಕಾಲುಗಳಿಗೆ ಅಡ್ಡವಾಗಿ ಈಗ ಕಾಣುವ ಪಟ್ಟಿ 20ನೇ ಶತಮಾನದ ದುರಸ್ತಿಯಲ್ಲಿ ಬಂದದ್ದು. ಅಲ್ಲಿನ ಶಾಸನದ ಕಾಲ ಶಕ 1450, ಕ್ರಿಸ್ತಶಕಕ್ಕೆ ತಂದರೆ 1528, ಕೃಷ್ಣದೇವರಾಯನ ಕೊನೆಯ ವರ್ಷಗಳು. ಈ ಶಕ ವರ್ಷಕ್ಕೆ 78 ಕೂಡಿಸಬೇಕೆಂಬುದನ್ನು ಯಂತ್ರಕ್ಕೆ ಸರಿಯಾಗಿ ಕಲಿಸದಿದ್ದರೆ ಮೂರ್ತಿ ವಿಜಯನಗರದ ಬೇರೊಂದು ವಂಶದ ಕಾಲಕ್ಕೆ ಹಾರಿಹೋಗುತ್ತದೆ.

ಹಾಗಾದರೆ "ಇದು ಯಾವ ದೇವರು?" ಎಂದು ಕೇಳಿದವರಿಗೆ ಏನು ಹೇಳಬೇಕು? "ಜನ ಉಗ್ರನರಸಿಂಹ ಅಂತಾರೆ. ತೊಡೆಯ ಮೇಲೆ ಲಕ್ಷ್ಮಿ ಇದ್ದದ್ದರಿಂದ ಇತಿಹಾಸ ಬಲ್ಲವರು ಲಕ್ಷ್ಮೀನರಸಿಂಹ ಅಂತಾರೆ." ಎರಡೇ ವಾಕ್ಯ. ಯಾರನ್ನೂ ತಿದ್ದಿ ನಾಚಿಸಲಿಲ್ಲ, ಯಾವುದನ್ನೂ ಮರೆಸಲಿಲ್ಲ. ತಪ್ಪು-ಸರಿ ಎಂದು ಕಡ್ಡಿ ಮುರಿದಂತೆ ಹೇಳುವುದಕ್ಕಿಂತ ಇದು ಒಳ್ಳೆಯದು ಎಂದು ನಾನು ನಂಬಿದ್ದೇನೆ. ಏಕೆಂದರೆ ಹಂಪಿಯಲ್ಲಿ ಹೆಸರುಗಳೇ ಬೇರೆ ಬೇರೆ ಕಾಲದವು. ಕಮಲ ಮಹಲ್, ರಾಣಿಯ ಸ್ನಾನಗೃಹ ಎಂಬ ಹೆಸರುಗಳು ನಗರ ಹಾಳಾದ ಎಷ್ಟೋ ಕಾಲದ ಮೇಲೆ ಅಂಟಿಕೊಂಡವು. ಸಾಸಿವೆಕಾಳು, ಕಡಲೆಕಾಳು ಗಣೇಶ ಎಂದು ಕರೆದವರು ಊರ ಜನ. ಕಡಲೆಕಾಳಿನ ಹೆಸರು ಹೊತ್ತವನು ನಾಲ್ಕೂವರೆ ಮೀಟರ್ ಎತ್ತರದವನು. ಈ ಹೆಸರುಗಳೂ ಪರಂಪರೆಯೇ. ಇವು ಯಾವ ಕಾಲದ, ಯಾರ ಬಾಯಿಯ ಮಾತು ಎಂದು ಗೊತ್ತಿದ್ದರೆ ಅವುಗಳ ಸೊಗಸು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಂಪಿಯ ಬಗ್ಗೆ ಮಾತಾಡುವವರ ಸಾಲು ದೊಡ್ಡದು. ಮೊದಲು ಶಾಸನಗಳು. ವಿರೂಪಾಕ್ಷ ದೇವಸ್ಥಾನದಲ್ಲಿ 1510ರ ಕೃಷ್ಣದೇವರಾಯನ ಶಾಸನ, ರಂಗಮಂಟಪವನ್ನೂ ಗೋಪುರವನ್ನೂ ಕುರಿತು ತಾನೇ ಹೇಳುತ್ತದೆ. ಹೊರಗಿನಿಂದ ಬಂದವರು ಬೇರೆ: 1443ರಲ್ಲಿ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್, 1520ರ ಸುಮಾರಿಗೆ ಪೋರ್ಚುಗೀಸ್ ಡೊಮಿಂಗೊ ಪಾಯಸ್, ಅವನ ನಂತರ ಕುದುರೆ ವ್ಯಾಪಾರಿ ನೂನಿಜ್. ಈ ಇಬ್ಬರು ಪೋರ್ಚುಗೀಸರ ಬರಹವನ್ನು ರಾಬರ್ಟ್ ಸೂವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಈ ಪ್ರವಾಸಿಗಳು ಬೆರೆಸಿ ಬರೆದಿದ್ದಾರೆ. ಆಮೇಲೆ 1799ರಲ್ಲಿ ಕಾಲಿನ್ ಮೆಕೆಂಜಿಯ ನಕ್ಷೆ, ಪುರಾತತ್ವ ಇಲಾಖೆಯ ಉತ್ಖನನ, 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕೆಲಸ.

ಇವೆಲ್ಲದರ ಪಕ್ಕದಲ್ಲಿ, ಯಾರೂ ಬರೆಯದಿದ್ದರೂ ಎಲ್ಲರಿಗೂ ಗೊತ್ತಿರುವ ಮಾತು ಇದೆ. ನೀರಿನಲ್ಲಿ ನಿಂತ ಬಡವಿಲಿಂಗವನ್ನು ಬಡ ಹೆಂಗಸೊಬ್ಬಳು ಮಾಡಿಸಿದಳಂತೆ. ಇದಕ್ಕೆ ಶಾಸನ ಕೇಳಿದರೆ ಸಿಗದು. ಆದರೆ ಅರಸರ ಹೆಸರೇ ತುಂಬಿರುವ ಊರಿನಲ್ಲಿ ಜನ ಒಬ್ಬ ಬಡವಿಯ ಹೆಸರಿಗೆ ಲಿಂಗವೊಂದನ್ನು ಉಳಿಸಿಕೊಂಡಿದ್ದಾರೆಂಬುದೇ ದೊಡ್ಡ ಸಂಗತಿ. ಚಾಟ್‌ಬಾಟ್ ಇದನ್ನು "ಹೀಗೆಂದು ಪ್ರತೀತಿ" ಎಂದು ಪ್ರೀತಿಯಿಂದಲೇ ಹೇಳಬೇಕು. ಹಂಪಿಯ ಹಬ್ಬಗಳೂ ಅಷ್ಟೇ. ಚಳಿಗಾಲದ ಫಲಪೂಜೆಯಲ್ಲಿ ವಿರೂಪಾಕ್ಷನಿಗೂ ಪಂಪಾದೇವಿಗೂ ನಿಶ್ಚಿತಾರ್ಥ, ಚೈತ್ರದಲ್ಲಿ ಮದುವೆ, ರಥೋತ್ಸವ. ಸುತ್ತಲಿನ ಹಳ್ಳಿಗಳ ಜನಕ್ಕೆ ಇದು 16ನೇ ಶತಮಾನದ ಸುದ್ದಿಯಲ್ಲ, ಈ ವರ್ಷದ ಮದುವೆ. ಹಂಪಿಯನ್ನು ಬರೀ ಹಾಳು ಎಂದು ವರ್ಣಿಸುವ ಚಾಟ್‌ಬಾಟಿಗೆ ಹಂಪಿಯ ಅರ್ಧ ಗೊತ್ತಿಲ್ಲ.

ಕೆಲವು ಕಡೆ ಯಾರ ಮಾತು ಎಂದು ಹೇಳದಿದ್ದರೆ ಜಗಳವೇ ಆಗುತ್ತದೆ. ಆನೆಗೊಂದಿಯ ಬಳಿಯ ಅಂಜನಾದ್ರಿಯನ್ನು ಹನುಮಂತ ಹುಟ್ಟಿದ ಬೆಟ್ಟವೆಂದು ನಂಬಿ ಜನ ಮೆಟ್ಟಿಲು ಹತ್ತುತ್ತಾರೆ. 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು ಆ ಜಾಗ ತಿರುಮಲದ ಅಂಜನಾದ್ರಿ ಎಂದು ಸಾರಿದರು. ಯಂತ್ರ ಇಲ್ಲಿ ತೀರ್ಪು ಕೊಡಲು ಹೋಗಬಾರದು. ಯಾರು ಏನು ನಂಬುತ್ತಾರೆ ಎಂದಷ್ಟೇ ತಿಳಿಸಿ, ಮೆಟ್ಟಿಲು ಹತ್ತುವವರಿಗೆ ನೀರಿನ ಬಾಟಲಿ ಜೊತೆಗಿರಲಿ ಎಂದರೆ ಅದರ ಕೆಲಸ ಆಯಿತು. ವಿಜಯನಗರ ಸೋತ 1565ರ ಯುದ್ಧದ ವಿಷಯವೂ ಹಾಗೆಯೇ. ತಾಳಿಕೋಟೆ ಎನ್ನುವವರು, ರಕ್ಕಸಗಿ-ತಂಗಡಗಿ ಎನ್ನುವವರು ಇಬ್ಬರೂ ಇದ್ದಾರೆ, ಸೋಲಿನ ಕಾರಣಗಳ ಬಗ್ಗೆ ಇತಿಹಾಸಕಾರರ ನಡುವೆ ಚರ್ಚೆ ಮುಗಿದಿಲ್ಲ. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದರೆ ಕೇಳಿದವರಿಗೆ ಅನ್ಯಾಯ.

ಇದೆಲ್ಲ ಮಾಡಲು ಬರುತ್ತದೆಯೇ? ಬರುತ್ತದೆ. ಯಂತ್ರದ ನೆನಪನ್ನೇ ನಂಬಿಕೊಳ್ಳದೆ, ಮೊದಲು ನಾವು ಕೊಟ್ಟ ಆಕರಗಳಲ್ಲಿ ಹುಡುಕಿಸಿ, ಸಿಕ್ಕ ಭಾಗವನ್ನು ಮಾತ್ರ ಆಧಾರವಾಗಿಟ್ಟುಕೊಂಡು ಉತ್ತರ ಕಟ್ಟಿಸುವ ವಿಧಾನ ಈಗ ಸಾಮಾನ್ಯವಾಗಿದೆ. ಆಗ ಆಕರದ ಪ್ರತಿ ತುಣುಕಿಗೂ ಚೀಟಿ ಅಂಟಿಸಬೇಕು: ಇದು ಶಾಸನ, ಇದು ಪ್ರವಾಸಿಯ ಬರಹ, ಇದು ಸಂಶೋಧಕರ ಅಭಿಪ್ರಾಯ, ಇದು ಕಮಲಾಪುರದ ಹಿರಿಯರು ಹೇಳಿದ್ದು. ಉತ್ತರ ಬರುವಾಗ ಚೀಟಿಯೂ ಜೊತೆಗೆ ಬರಬೇಕು. ಸಾಫ್ಟ್‌ವೇರ್ ಬರೆಯುವವರಿಗೆ ಇದು ಕಷ್ಟದ್ದಲ್ಲ. ಬೆವರು ಬೇಡುವುದು ಆ ತುಣುಕುಗಳನ್ನು ಓದಿ, ಚೀಟಿ ಬರೆಯುವ ಕೆಲಸ. ಅದಕ್ಕೆ ಶಾಸನ ಓದಬಲ್ಲವರು ಬೇಕು, ಊರಿನ ಮಾತು ಬಲ್ಲವರೂ ಬೇಕು. ಇಂಥ ಯೋಜನೆಯ ಹಣದಲ್ಲಿ ದೊಡ್ಡ ಪಾಲು ಇವರಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಎಷ್ಟೋ ಸ್ಮರಣ ಸಂಚಿಕೆ, ದೇವಸ್ಥಾನದ ಚರಿತ್ರೆ, ತಾಲ್ಲೂಕು ದರ್ಶನದಂಥ ಪುಸ್ತಕಗಳನ್ನು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಲಾಗಿದೆ. ಅವು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪರಿವರ್ತಕಗಳು ಇವೆ, ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಬ್ಬರು ಕಣ್ಣಾಡಿಸಲೇಬೇಕು. ಅದಕ್ಕೂ ಹಿಂದಿನ ಅಚ್ಚಿನ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವಾಗಲೂ ಇದೇ ಪಾಡು. ಸಾಲದ್ದಕ್ಕೆ, ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮಾದರಿಗಳು ಕನ್ನಡದ ಒಂದು ಪದವನ್ನು ಹಲವು ಚೂರು ಮಾಡಿ ಓದುತ್ತವೆ. ಅದೇ ಉತ್ತರಕ್ಕೆ ಕನ್ನಡದಲ್ಲಿ ಸಮಯವೂ ಹೆಚ್ಚು, ಖರ್ಚೂ ಹೆಚ್ಚು. ಇಂಗ್ಲಿಷಿನಲ್ಲಿ ಉತ್ತರ ಸಿದ್ಧಮಾಡಿ ಕನ್ನಡಕ್ಕೆ ತಿರುಗಿಸುವ ಅಡ್ಡದಾರಿ ಹಿಡಿಯುವುದು ಇದಕ್ಕೇ. ಆ ದಾರಿಯಲ್ಲಿ ಪ್ರಭಾವಳಿ, ಅಧಿಷ್ಠಾನ, ಅಂಕಣದಂಥ ಗುಡಿ-ಶಿಲ್ಪದ ಮಾತುಗಳು ಕಳೆದುಹೋಗಿ, ಕನ್ನಡಿಗರಿಗೇ ಪರದೇಶಿ ಕನ್ನಡ ಕೇಳಿಸುತ್ತದೆ.

ಇನ್ನು ಕೇಳುವವರ ಕಡೆಗೆ ಬರೋಣ. ಹಂಪಿಗೆ ಬರುವ ಕನ್ನಡಿಗರಲ್ಲಿ ಟೈಪ್ ಮಾಡಿ ಪ್ರಶ್ನೆ ಕೇಳುವವರು ಎಷ್ಟು ಮಂದಿ? ಮೊಬೈಲನ್ನು ಬಾಯಿ ಹತ್ತಿರ ಹಿಡಿದು ಮಾತಾಡುವುದು ಎಲ್ಲರಿಗೂ ಬರುತ್ತದೆ. 2023ರಲ್ಲಿ ಹರಿಯಾಣದ ಬೀವಾನ್ ಎಂಬ ಹಳ್ಳಿಯಲ್ಲಿ ಜುಗಲ್‌ಬಂದಿ ಎಂಬ ಚಾಟ್‌ಬಾಟನ್ನು ಬಳಕೆಗೆ ತಂದಾಗ ಅದು ವಾಟ್ಸ್‌ಆ್ಯಪಿನೊಳಗೇ ಇತ್ತು. ಜನ ತಮ್ಮ ಭಾಷೆಯಲ್ಲಿ ಸರ್ಕಾರಿ ಯೋಜನೆಗಳ ಬಗ್ಗೆ ಕೇಳಿದರೆ ಉತ್ತರ ಧ್ವನಿಯಲ್ಲೂ ಬರುತ್ತಿತ್ತು. ಅದರ ಹಿಂದೆ ಕೇಂದ್ರ ಸರ್ಕಾರದ ಭಾಷಿಣಿ, ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಭಾಷಾ ತಂತ್ರಜ್ಞಾನ ಇತ್ತು. ಅದೇ ತಂತ್ರಜ್ಞಾನ ಕನ್ನಡಕ್ಕೂ ಇದೆ. ಹೊಸ ಆ್ಯಪ್ ಇಳಿಸಿಕೊಳ್ಳಿ, ಲಾಗಿನ್ ಆಗಿ ಎಂದ ಕೂಡಲೇ ಅರ್ಧ ಜನ ಹಿಂದೆ ಸರಿಯುತ್ತಾರೆ.

ಆದರೆ ಧ್ವನಿಯ ತಂತ್ರಜ್ಞಾನ ಕಲಿತದ್ದು ಬಹುಮಟ್ಟಿಗೆ ಪುಸ್ತಕದ, ಸುದ್ದಿವಾಚನದ ಕನ್ನಡ. ಹೊಸಪೇಟೆಯ ಅಜ್ಜಿ "ಗುಡಿ ಎಲ್ಲೈತಪ್ಪಾ?" ಎಂದರೆ ಅದಕ್ಕೆ ತಿಳಿಯಬೇಕು, ಕುಂದಾಪುರದವರ "ಎಲ್ಲಿತ್"ಗೂ ಕಿವಿಗೊಡಬೇಕು. ಊರು-ಗುಡಿಗಳ ಹೆಸರಂತೂ ಅದಕ್ಕೆ ಕಬ್ಬಿಣದ ಕಡಲೆ. ಆನೆಗೊಂದಿ, ಆನೆಗುಂದಿ, ವಿಠ್ಠಲ, ವಿಠಲ, ಇಟ್ಟಲ, ತಳವಾರಘಟ್ಟ, ತಳಾರಿಗಟ್ಟ. ಜನ ಹೇಗೆಲ್ಲ ಹೇಳುತ್ತಾರೋ ಅಷ್ಟನ್ನೂ ಪಟ್ಟಿ ಮಾಡಿ ಕೊಡಬೇಕು. ಈ ಪಟ್ಟಿಯನ್ನು ಬೆಂಗಳೂರಿನಲ್ಲಿ ಕೂತು ಮಾಡಲಾಗದು. ಹಂಪಿಯ ಆಟೊ ಚಾಲಕರ ಜೊತೆ ಒಂದು ಮಧ್ಯಾಹ್ನ ಕಳೆದರೆ ಮುಕ್ಕಾಲು ಪಟ್ಟಿ ಸಿಗುತ್ತದೆ.

ಬಿಸಿಲನ್ನೂ ಮರೆಯಬಾರದು. ಏಪ್ರಿಲ್‌ನಲ್ಲಿ ಹಂಪಿಯ ಬಂಡೆಗಳ ನಡುವೆ ಮೊಬೈಲಿನ ಪರದೆ ಕಾಣುವುದೇ ಇಲ್ಲ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ, ಗುಡ್ಡದ ಮರೆಗೆ ಹೋದರೆ ನೆಟ್‌ವರ್ಕ್ ಇಲ್ಲ. ಅಲ್ಲಿ ಹತ್ತು ಸಾಲಿನ ಉತ್ತರ ಓದುವವರು ಯಾರು? ಮೊದಲ ಉತ್ತರ ಎರಡು-ಮೂರು ವಾಕ್ಯ ಇರಲಿ, "ಇನ್ನೂ ಹೇಳಲಾ?" ಎಂದು ಕೇಳಲಿ. ಪ್ರವೇಶದ್ವಾರದ ಬಳಿ ಸಿಗ್ನಲ್ ಇದ್ದಾಗಲೇ ಧ್ವನಿ ತುಣುಕುಗಳು ಇಳಿದು ಕೂತಿರಲಿ. ಕ್ಯೂಆರ್ ಕೋಡಿನ ಫಲಕ ಟಿಕೆಟ್ ಕೌಂಟರಿನ ಹತ್ತಿರವೇ ಸಾಕು. 1958ರ ಕಾಯ್ದೆಯಡಿ ಸಂರಕ್ಷಿತವಾದ ಗೋಡೆಗಳಿಗೆ ಏನನ್ನೂ ಅಂಟಿಸುವಂತಿಲ್ಲ, ಅಂಟಿಸಲೂಬಾರದು. ಹಾಗೆಯೇ ಬರುವ ಪ್ರಶ್ನೆಗಳೆಲ್ಲ ಇತಿಹಾಸದವೇ ಆಗಿರುವುದಿಲ್ಲ. ಕುಡಿಯುವ ನೀರು, ಶೌಚಾಲಯ, ಹೊಸಪೇಟೆಯ ಕೊನೆಯ ಬಸ್ಸು, ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು: ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಮಾತ್ರ ಜನ ಮುಂದೆ ಕೃಷ್ಣದೇವರಾಯನ ಬಗ್ಗೆ ಕೇಳುತ್ತಾರೆ. ಸಂಗೀತ ಕಂಬಗಳ ಬಗ್ಗೆ ಕೇಳಿದವರಿಗೆ, ಅವನ್ನು ತಟ್ಟಿ ನೋಡುವುದು ನಿಷಿದ್ಧ ಎಂದು ಮೊದಲು ಹೇಳಿ ಆಮೇಲೆ ಕಥೆ ಹೇಳಬೇಕು.

ನನ್ನ ಮಟ್ಟಿಗೆ ಇಂಥ ಚಾಟ್‌ಬಾಟ್ ಆಡಬಹುದಾದ ಅತ್ಯಂತ ಬೆಲೆಯುಳ್ಳ ಮಾತು "ನನಗೆ ಗೊತ್ತಿಲ್ಲ" ಎಂಬುದು. ಅದನ್ನು ಆಡಿ ಸುಮ್ಮನಾಗಬಾರದು. ಈ ಪ್ರಶ್ನೆಯನ್ನು ಬರೆದಿಟ್ಟುಕೊಂಡಿದ್ದೇನೆ ಎನ್ನಬೇಕು, ಹತ್ತಿರದಲ್ಲಿ ಪರವಾನಗಿ ಪಡೆದ ಗೈಡ್ ಇದ್ದರೆ ಅವರನ್ನು ಕೇಳಿ ಎನ್ನಬೇಕು. ಗೈಡುಗಳ ಹೊಟ್ಟೆಪಾಡಿಗೆ ಅಡ್ಡಬರುವ ಯಂತ್ರವನ್ನು ಹಂಪಿಯಂಥ ಊರಿಗೆ ತರುವುದರಲ್ಲಿ ನನಗೆ ಯಾವ ಒಳ್ಳೆಯದೂ ಕಾಣದು. ಜನರನ್ನು ಅವರ ಬಳಿಗೆ ಕಳಿಸುವ ಯಂತ್ರವನ್ನು ಅವರೇ ತಿದ್ದಿ ಬೆಳೆಸುತ್ತಾರೆ. ಉತ್ತರ ಸಿಗದ ಪ್ರಶ್ನೆಗಳ ಪಟ್ಟಿಯಂತೂ ಸಂಶೋಧಕರಿಗೆ ನಿಧಿ. ನಮ್ಮ ಪುಸ್ತಕಗಳಲ್ಲಿ ಅರಸರಿದ್ದಾರೆ, ದಂಡನಾಯಕರಿದ್ದಾರೆ. ಕಲ್ಲು ಕಡಿದವರು ಎಲ್ಲಿ ಮಲಗುತ್ತಿದ್ದರು, ಅವರ ಹೆಂಗಸರು ಏನು ಅಡುಗೆ ಮಾಡುತ್ತಿದ್ದರು ಎಂದು ಮಕ್ಕಳು ಕೇಳಿದಾಗಲೇ ನಮ್ಮ ಬರಹದಲ್ಲಿರುವ ಖಾಲಿ ಜಾಗ ಕಾಣುವುದು.

ವಿರೂಪಾಕ್ಷ ಬಜಾರಿನ ಸಾಲುಮಂಟಪಗಳನ್ನು ತೋರಿಸಿ "ಇಲ್ಲಿ ಯಾರಿದ್ದರು?" ಎಂದು ಯಾರಾದರೂ ಕೇಳಿದರೆ, ವಿಜಯನಗರ ಕಾಲದ ವರ್ತಕರು ಎಂಬಲ್ಲಿಗೆ ಉತ್ತರ ನಿಲ್ಲಬಾರದು. ಆ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡು ಬದುಕಿದ್ದ ಕುಟುಂಬಗಳನ್ನು 2011ರಲ್ಲಿ ತೆರವು ಮಾಡಲಾಯಿತು. ಸ್ಮಾರಕ ಉಳಿಯಬೇಕೆಂಬ ವಾದಕ್ಕೆ ಬಲವಿತ್ತು. ಆ ಜನಕ್ಕೆ ಆದ ನೋವೂ ನಿಜ. ಯಾವ ಬೀದಿಯಲ್ಲಿ ತೇರು ತಿರುಗುವಾಗ ಯಾರ ಮನೆಯ ಆರತಿ ಮೊದಲು ಎಂಬಂಥ ತಿಳಿವಳಿಕೆ ಅಂಥ ಮನೆಗಳಲ್ಲಿರುತ್ತದೆ. ಚಾಟ್‌ಬಾಟ್ ಮಾಡುವವರು ಆ ಕುಟುಂಬಗಳ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು, ಅವರ ಮಾತನ್ನು ಅವರ ದನಿಯಲ್ಲೇ ಧ್ವನಿಮುದ್ರಿಸಿಕೊಳ್ಳಬೇಕು.

ಮುದ್ರಿಸಿಕೊಳ್ಳುವ ಮುನ್ನ ಅನುಮತಿ ಕೇಳಬೇಕು, ಅದೂ ಅವರಿಗೆ ತಿಳಿಯುವ ಭಾಷೆಯಲ್ಲಿ. ಈ ಹಾಡು ಎಲ್ಲರ ಮೊಬೈಲಿಗೂ ಹೋಗುತ್ತದೆ, ಒಪ್ಪಿಗೆಯೇ? ನಿಮ್ಮ ಹೆಸರು ಹಾಕಬಹುದೇ? ಮುಂದೆ ಬೇಡವೆನಿಸಿದರೆ ತೆಗೆಯಲು ಯಾರನ್ನು ಕೇಳಬೇಕು? ಕೆಲವು ಹಾಡು, ಕೆಲವು ಆಚರಣೆ ಆ ದಿನಕ್ಕೆ, ಆ ಜಾಗಕ್ಕೆ ಮಾತ್ರ ಸೇರಿದವು. ತುಳುನಾಡಿನ ಭೂತಾರಾಧನೆಯ ಪಾಡ್ದನವಿರಲಿ, ಮಂಟೇಸ್ವಾಮಿ, ಮಾದಪ್ಪನ ಕಾವ್ಯ ಹಾಡುವ ನೀಲಗಾರರು, ಕಂಸಾಳೆಯವರಿರಲಿ, ಎಷ್ಟು ಹೇಳಬೇಕು, ಎಷ್ಟು ಬೇಡ ಎನ್ನುವ ಹಕ್ಕು ಅವರದು. ಬೇಡ ಎಂದದ್ದನ್ನು ಯಂತ್ರಕ್ಕೆ ಕೊಡಲೇಬಾರದು. ಕೊಟ್ಟವರಿಗೆ ಸಂಭಾವನೆ ಸಲ್ಲಬೇಕು. ಕೇಳುಗರ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ವಾಟ್ಸ್‌ಆ್ಯಪಿನಲ್ಲಿ ಪ್ರಶ್ನೆ ಕೇಳಿದವರ ಫೋನ್ ನಂಬರು, ಇರುವ ಜಾಗ ಎಲ್ಲವೂ ಅತ್ತ ಕಡೆ ಹೋಗುತ್ತವೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಪ್ರಶ್ನೆಯನ್ನು ಇಟ್ಟುಕೊಂಡು ನಂಬರನ್ನು ಅಳಿಸುವುದು ಸಾಧ್ಯವಿರುವಾಗ ಎರಡನ್ನೂ ಇಟ್ಟುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಂಪಿ ದೊಡ್ಡ ಊರು, 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ಬಗ್ಗೆ ಬರೆದವರು ಬಹಳ. ಆದರೆ ಚಾಟ್‌ಬಾಟಿನ ನಿಜವಾದ ಅಗತ್ಯ ಕೆರೆ ಏರಿಯ ಮೇಲೆ ನಾಲ್ಕು ವೀರಗಲ್ಲು, ಒಂದು ಮಾಸ್ತಿಗಲ್ಲು ಇರುವ ಹಳ್ಳಿಗಳಲ್ಲಿದೆ ಎನಿಸುತ್ತದೆ. ಅಂಥ ಎಷ್ಟೋ ಕಲ್ಲುಗಳ ಪಾಠ ಬಿ.ಎಲ್. ರೈಸ್ ಕಾಲದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅಚ್ಚಾಗಿದೆ, ಊರವರಿಗೆ ಮಾತ್ರ ಅದು ತಲುಪಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳಲ್ಲಿ ಹಲವಕ್ಕೆ ಕಂಪ್ಯೂಟರ್ ಬಂದಿದೆ, ಮೇಲ್ವಿಚಾರಕರಿದ್ದಾರೆ, ಸಂಜೆ ಶಾಲೆಯ ಮಕ್ಕಳು ಬರುತ್ತಾರೆ. ಆ ಊರಿನ ಕಲ್ಲುಗಳ ಪಾಠ, ಜಾತ್ರೆಯ ಕ್ರಮ, ಹಿರಿಯರ ಮಾತು ಇಷ್ಟನ್ನು ಸೇರಿಸಿ ಚೀಟಿ ಅಂಟಿಸಿ ಶುರುಮಾಡಬಹುದು. ವಾರಕ್ಕೊಮ್ಮೆ, ಉತ್ತರ ಸಿಗದ ಪ್ರಶ್ನೆಗಳನ್ನು ಮೇಲ್ವಿಚಾರಕರು ಮಕ್ಕಳಿಗೆ ಹಂಚಿದರೆ, ಅವರು ಮನೆಯ ಅಜ್ಜ-ಅಜ್ಜಿಯರನ್ನು ಕೇಳಿ ಬರುತ್ತಾರೆ. ಆ ಮೇಲ್ವಿಚಾರಕರಿಗೆ ಈ ಕೆಲಸಕ್ಕೆಂದು ತಿಂಗಳಿಗಿಷ್ಟು ಗೌರವಧನವನ್ನು ಯೋಜನೆಯ ಮೊದಲ ವರ್ಷಕ್ಕಷ್ಟೇ ಅಲ್ಲ, ಐದನೆಯ ವರ್ಷಕ್ಕೂ ತೆಗೆದಿರಿಸುವ ಇಲಾಖೆ ಯಾವುದು ಎಂಬುದನ್ನು ಈಗಲೇ ತೀರ್ಮಾನಿಸಬೇಕು.